ಅಂಪೈರ್ ತಿಮ್ಮಣ್ಣನ ಕಿವಿ

ನನಗೊಂದು ಕೆಟ್ಟ ಅಭ್ಯಾಸವಿದೆ. ದೂರದಲ್ಲಿ ಯಾರಾದರೂ ಕೈ ಎತ್ತಿದರೆ ನಾನೂ ಎತ್ತಿಬಿಡುತ್ತೇನೆ. ದೊಡ್ಡನೆಕ್ಕುಂದಿಯ ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯುರಿಟಿಯವನು ಯಾವುದೋ ಕಾರಿಗೆ ಹಿಂದೆ ಬಾ, ಹಿಂದೆ ಬಾ ಎಂದು ಕೈ ಬೀಸುತ್ತಿದ್ದರೆ, ಸೊಪ್ಪಿನ ಚೀಲ ಹಿಡಿದು ನಿಂತ ನಾನು ಇನ್ನೊಂದು ಕೈಯನ್ನು ತಲೆಯ ಮೇಲಕ್ಕೆತ್ತಿ, ಆಯ್ತಪ್ಪ, ಬರೆದುಕೊಂಡೆ ಅನ್ನುವ ಹಾಗೆ ನಿಂತಿರುತ್ತೇನೆ. ಒಮ್ಮೆ ರಿಂಗ್ ರೋಡಿನಲ್ಲಿ ಟ್ರಾಫಿಕ್ ಪೊಲೀಸರು ನಮ್ಮ ಸ್ಕೂಟರಿಗೆ ಅಡ್ಡಗೈ ಹಿಡಿದರು. ಹಿಂದಿನ ಸೀಟಿನಲ್ಲಿ ಹೆಲ್ಮೆಟ್ ಇಲ್ಲದೆ ಕೂತಿದ್ದ ನಾನು ಸರ್ರನೆ ಕೈ ಎತ್ತಿದೆ. ಅವರು ಯಾರೋ ಪರಿಚಯದವರಿರಬೇಕು ಅಂದುಕೊಂಡು ನಕ್ಕು ಬಿಟ್ಟುಬಿಟ್ಟರು. ನನ್ನ ಗಂಡ ಮನೆ ತಲುಪುವವರೆಗೂ ಮಾತಾಡಲಿಲ್ಲ.

ಈ ಅಭ್ಯಾಸ ಬಂದದ್ದು ಸ್ಕೋರು ಬರೆದು ಬರೆದು. ಕ್ರಿಕೆಟ್ಟಿನಲ್ಲಿ ಅಂಪೈರ್ ಮೈದಾನದ ನಡುವಿನಿಂದ ಕೈಸನ್ನೆ ಮಾಡಿದರೆ, ಗೆರೆಯಾಚೆ ಕೂತ ಸ್ಕೋರರ್ ಕೈ ಎತ್ತಿ ಒಪ್ಪಿಕೊಳ್ಳಬೇಕು. ಅಲ್ಲಿಯವರೆಗೆ ಅಂಪೈರ್ ಮುಂದಿನ ಚೆಂಡು ಹಾಕಲು ಬಿಡುವುದಿಲ್ಲ. ಟೀವಿಯಲ್ಲಿ ಆಟ ನೋಡುವ ನಿಮಗೆ ಇದು ಕಾಣುವುದಿಲ್ಲ, ಯಾಕೆಂದರೆ ಸ್ಕೋರರನ್ನು ಯಾರೂ ತೋರಿಸುವುದಿಲ್ಲ. ತೋರಿಸುವಂಥದ್ದೇನೂ ಅಲ್ಲಿಲ್ಲ ಎನ್ನಿ. ಒಂದು ಮಡಚುವ ಮೇಜು, ಎರಡು ಬಣ್ಣದ ಪೆನ್ನು, ನೀರಿನ ಬಾಟಲಿ, ಸೀರೆಯ ಸೆರಗನ್ನು ತಲೆಗೆ ಹೊದ್ದ ನಾನು.

ಬ್ಯಾಟು ಹಿಡಿದವಳಲ್ಲ ನಾನು. ದಾವಣಗೆರೆಯಲ್ಲಿ ನಾವು ಚಿಕ್ಕವರಿದ್ದಾಗ ಹುಡುಗರು ಆಡುವ ಬೀದಿಯಲ್ಲಿ ನನಗೆ ಸಿಗುತ್ತಿದ್ದ ಕೆಲಸ ಚರಂಡಿಗೆ ಬಿದ್ದ ಚೆಂಡು ತೆಗೆದುಕೊಡುವುದು. ಆದರೆ ಹತ್ತಿ ಗಿರಣಿಯಲ್ಲಿ ಗುಮಾಸ್ತರಾಗಿದ್ದ ನಮ್ಮಪ್ಪ ರೇಡಿಯೊ ಪಕ್ಕ ಕೂತು, ಹಳೇ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಚೆಂಡು ಚೆಂಡಿಗೂ ಸ್ಕೋರು ಬರೆಯುತ್ತಿದ್ದರು. ಹಣೆಯ ವಿಭೂತಿ ಬೆವರಿಗೆ ಇಳಿದು ಹಾಳೆಯ ಮೇಲೆ ಉದುರುತ್ತಿತ್ತು. ಗೆರೆ ಎಳೆದುಕೊಡುವುದು ನನ್ನ ಪಾಲು. ರನ್ನು ಬರದ ಚೆಂಡಿಗೂ ಚುಕ್ಕಿ ಇಡಬೇಕು ಎಂದು ಹೇಳಿಕೊಟ್ಟವರು ಅವರೇ. ಏನೂ ಆಗಲಿಲ್ಲ ಅಂತ ಬಿಟ್ಟರೆ ಓವರೇ ಮುಗಿಯೋದಿಲ್ಲ ನೋಡವ್ವ, ಅನ್ನುತ್ತಿದ್ದರು. ಅವರ ಬಾಯಿಂದ ನಾನು ಕಲಿತ ಒಂದೇ ಒಂದು ವೇದಾಂತ ಇದು. ಮಿಕ್ಕ ಹೊತ್ತಿನಲ್ಲಿ ಅವರು ಮೈದಾನದಲ್ಲಿರುವವರನ್ನು ಬಯ್ಯುತ್ತಿದ್ದರು.

ಮುಂದೆ ಮದುವೆಯಾಗಿ ಬೆಂಗಳೂರಿಗೆ ಬಂದು ಪೀಣ್ಯದ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಸೇರಿಕೊಂಡೆ. ಯಾರು ಎಷ್ಟು ಹೊತ್ತಿಗೆ ಬಂದರು, ಹೋದರು, ಯಾರಿಗೆ ಯಾವ ಶಿಫ್ಟು, ಯಾರಿಗೆ ರಜೆ, ಇದನ್ನೆಲ್ಲ ಬರೆದಿಡುವ ಕೆಲಸ. ಮೋಟಾರಿನ ಮುಚ್ಚಳ, ಫ್ಯಾನಿನ ಬಟ್ಟಲು ಮುಂತಾದ ತಗಡಿನ ಸಾಮಾನು ಅಲ್ಲಿ ತಯಾರಾಗುತ್ತಿತ್ತು. ಪೀಣ್ಯದಲ್ಲಿ ಆಗ ಎಲ್ಲ ಕಾರ್ಖಾನೆಗಳಿಗೂ ಒಂದೊಂದು ಕ್ರಿಕೆಟ್ ಟೀಮು. ಭಾನುವಾರ ಭಾನುವಾರ ಪಂದ್ಯ. ನಮ್ಮ ಟೀಮಿಗೆ ಸ್ಕೋರರ್ ಇಲ್ಲವೆಂದು ಗೊತ್ತಾದ ದಿನ ನಾನು ಬಾಯಿ ತಪ್ಪಿ ನನಗೆ ಬರುತ್ತದೆ ಅಂದೆ. ಆಮೇಲೆ ಹದಿನಾಲ್ಕು ವರ್ಷ ನಮ್ಮ ಮನೆಯಲ್ಲಿ ಭಾನುವಾರದ ಅಡುಗೆ ಗಂಡನದ್ದು.

ದೊಡ್ಡ ಆಟಗಾರರ ವಿಷಯ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅವರ ಹುಟ್ಟುಹಬ್ಬಕ್ಕೆ ಪೇಪರಿನಲ್ಲಿ ಫೋಟೊ ಬರುತ್ತದೆ. ನಾನು ಕಂಡವರು ಬೇರೆ. ನಮ್ಮಲ್ಲಿ ಬಸಪ್ಪ ಎಂಬ ಸ್ಪಿನ್ನರಿದ್ದ, ಸ್ಟೋರಿನಲ್ಲಿ ಕೆಲಸ. ಪ್ರತಿ ಚೆಂಡನ್ನೂ ಕೈಯಿಂದ ಬಿಡುವ ಮುಂಚೆ ‘ಹೋಗಿ ಬಾರವ್ವ’ ಅನ್ನುತ್ತಿದ್ದ. ಅದು ಹೋಗುತ್ತಿತ್ತು, ಬಹಳ ಸಲ ಗೆರೆ ದಾಟಿ ಪಕ್ಕದ ಫೌಂಡ್ರಿಯ ಕಾಂಪೌಂಡಿಗೇ ಹೋಗುತ್ತಿತ್ತು. ಬರುತ್ತಿದ್ದದ್ದು ಕಡಿಮೆ. ಕ್ಯಾಪ್ಟನ್ ನಾಗರಾಜ ಟೂಲ್‌ರೂಮಿನ ಫಿಟ್ಟರು, ದೊಡ್ಡ ಗಂಟಲು, ಗೆದ್ದ ದಿನ ಎಲ್ಲರಿಗೂ ಬೊಂಡ, ಸೋತ ದಿನ ಎಲ್ಲರಿಗೂ ಬೈಗುಳ. ಇವರೆಲ್ಲರ ಮೇಲೆ ಒಂದೊಂದು ಪುಟ ಬರೆಯಬಹುದು. ಆದರೆ ನಾನು ಹೇಳಲು ಕೂತದ್ದು ಅಂಪೈರ್ ತಿಮ್ಮಣ್ಣನ ಬಗ್ಗೆ. ಇಷ್ಟು ಹೊತ್ತು ಸುತ್ತಿ ಬಳಸಿದ್ದಕ್ಕೆ ಕಾರಣ, ಅದನ್ನು ಹೇಳಲು ನನಗೆ ಅಷ್ಟೇನೂ ಮನಸ್ಸಿಲ್ಲ.

ತಿಮ್ಮರಾಯಪ್ಪ ಅಂತ ಪೂರ್ತಿ ಹೆಸರು, ಪೀಣ್ಯದ ಪಕ್ಕದ ಹಳ್ಳಿಯವರು. ಕಾರ್ಖಾನೆಗಳು ಎದ್ದ ಜಾಗದಲ್ಲಿ ಅವರ ತಂದೆ ರಾಗಿ ಬೆಳೆಯುತ್ತಿದ್ದರಂತೆ. ಜಮೀನು ಹೋದ ಮೇಲೆ ಮನೆಗೊಂದು ಕೆಲಸ ಅಂತ ಇವರಿಗೆ ಸಿಕ್ಕಿದ್ದು ಪ್ರೆಸ್ ಶಾಪಿನಲ್ಲಿ. ತಗಡಿಗೆ ಅಚ್ಚು ಒತ್ತುವ ದೊಡ್ಡ ದೊಡ್ಡ ಯಂತ್ರಗಳಿರುವ ಶೆಡ್ಡು ಅದು. ಒಳಗೆ ಹೋದರೆ ಸದ್ದು ಕಿವಿಗಲ್ಲ, ಎದೆಗೇ ಬಡಿಯುತ್ತಿತ್ತು. ಒಂದು ವರ್ಷ ಆ ಯಂತ್ರ ಅವರ ಬಲಗೈ ತೋರುಬೆರಳಿನ ಅರ್ಧವನ್ನು ತೆಗೆದುಕೊಂಡಿತ್ತು. ಹಾಗಾಗಿ ಅವರು ಔಟ್ ಕೊಡುವಾಗ ಎತ್ತುತ್ತಿದ್ದುದು ಎಡಗೈ ಬೆರಳು. ಹೊಸ ಬ್ಯಾಟ್ಸ್‌ಮನ್‌ಗಳು ಅದನ್ನು ನೋಡಿ, ಇದು ಔಟಾ ಏನು ಎಂದು ಒಂದು ಕ್ಷಣ ಗಲಿಬಿಲಿಗೊಳ್ಳುತ್ತಿದ್ದರು.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಕ್ರಿಕೆಟ್ಟಿನ ನಿಯಮಗಳ ಇಂಗ್ಲಿಷ್ ಪುಸ್ತಕವನ್ನು ಎಲ್ಲಿಂದಲೋ ತಂದು, ಊಟದ ವಿರಾಮದಲ್ಲಿ ಟೈಮ್ ಆಫೀಸಿನ ಕಿಟಕಿಯ ಆಚೆ ನಿಂತು, ನನ್ನಿಂದ ಒಂದೊಂದೇ ನಿಯಮ ಓದಿಸಿ ಕನ್ನಡದಲ್ಲಿ ಹೇಳಿಸಿಕೊಳ್ಳುತ್ತಿದ್ದರು. ಒಂದು ವರ್ಷ ಹಿಡಿಯಿತು. ಪುಸ್ತಕ ಮುಗಿಯುವ ಹೊತ್ತಿಗೆ ಅವರಿಗೆ ಎಲ್ಲ ಬಾಯಿಪಾಠ, ನನಗೆ ಅರ್ಧ ಮರೆವು. ಅಂಪೈರಿಂಗಿನಲ್ಲಿ ಅವರಿಗೆ ಎಂಥ ಹೆಸರಿತ್ತೆಂದರೆ, ನಮ್ಮ ಕಾರ್ಖಾನೆಯ ಪಂದ್ಯಕ್ಕೇ ಎದುರು ಪಾರ್ಟಿಯವರು ‘ನಿಮ್ಮ ತಿಮ್ಮಣ್ಣನೇ ನಿಂತ್ಕೊಳ್ಲಿ’ ಅನ್ನುತ್ತಿದ್ದರು.

ಕೀಪರ್ ಕ್ಯಾಚು ಅಂಪೈರುಗಳಿಗೆ ಬಲು ಕಷ್ಟ. ಚೆಂಡು ಬ್ಯಾಟಿನ ಅಂಚಿಗೆ ಸವರಿತೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ, ಕಿವಿಯಿಂದಲೇ ತಿಳಿಯಬೇಕು. ಅದರಲ್ಲೂ ತಿಮ್ಮಣ್ಣನ ತೀರ್ಪು ತಪ್ಪಿದ್ದಿಲ್ಲ. ಹೇಗೆ ಅಂತ ಕೇಳಿದೆ ಒಂದು ದಿನ. ಅವರು ಕಿಟಕಿಯ ಸರಳು ಹಿಡಿದುಕೊಂಡು ಗುಟ್ಟು ಹೇಳುವವರ ಹಾಗೆ ಹೇಳಿದರು:

“ತಾಗ್ದೇ ಇದ್ರೆ ಬ್ಯಾಟ್ಸ್‌ಮನ್ ನನ್ನ ಮಕ ನೋಡ್ತಾನೆ ಮೇಡಂ. ತಾಗಿದ್ರೆ ಮೊದ್ಲು ಇಂದಕ್ಕೆ ತಿರುಗಿ ಕೀಪರ್ ಕೈ ನೋಡ್ತಾನೆ. ಆಮೇಲೆ ನನ್ನ ನೋಡ್ತಾನೆ. ಅದೆಷ್ಟು ಕಳ್ಳನಾದ್ರೂ ಅಷ್ಟೇಯ.”

ನಾನು ಅದನ್ನು ಅನುಭವದ ಮಾತು ಅಂದುಕೊಂಡೆ. ಮನೆಗೆ ಹೋಗಿ ಗಂಡನಿಗೂ ಹೇಳಿ ಮೆಚ್ಚಿಕೊಂಡೆ.

ಅದು ಅನುಭವವಲ್ಲ, ಅನಿವಾರ್ಯ ಅಂತ ಗೊತ್ತಾದದ್ದು ಕಿವಿ ಪರೀಕ್ಷೆಯ ವ್ಯಾನು ಬಂದ ದಿನ. ವರ್ಷಕ್ಕೊಮ್ಮೆ ಪ್ರೆಸ್ ಶಾಪಿನವರಿಗೆಲ್ಲ ಆ ಪರೀಕ್ಷೆ. ವ್ಯಾನಿನೊಳಗೆ ಒಬ್ಬೊಬ್ಬರನ್ನೇ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕುತ್ತಾರೆ. ಸಣ್ಣ ಸದ್ದು ಕೇಳಿದಾಗ ಕೈಲಿರುವ ಗುಂಡಿ ಒತ್ತಬೇಕು. ನಾನು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಹೆಸರಿಗೆ ಗುರುತು ಹಾಕುತ್ತಿದ್ದೆ. ತಿಮ್ಮಣ್ಣನ ಸರದಿ ಬಂತು. ಪರೀಕ್ಷೆ ಮಾಡುವ ಹುಡುಗಿ ಯಂತ್ರದ ಹಿಂದೆ ತಲೆ ತಗ್ಗಿಸಿ ಕೂತಿದ್ದಳು. ಅವಳ ಬೆನ್ನ ಹಿಂದೆ ಗಾಜು. ಅವಳು ಸ್ವಿಚ್ಚು ಒತ್ತಿದಾಗಲೆಲ್ಲ ಗಾಜಿನಲ್ಲಿ ಅವಳ ಮೊಣಕೈ ಒಂದಿಷ್ಟು ಅಲುಗುತ್ತಿತ್ತು. ತಿಮ್ಮಣ್ಣ ಆ ಮೊಣಕೈಯನ್ನೇ ನೋಡುತ್ತಿದ್ದರು. ಅದು ಅಲುಗಿದಾಗ ಗುಂಡಿ ಒತ್ತುತ್ತಿದ್ದರು. ಜಾಣತನಕ್ಕೆ ಎರಡು ಸಲ ಬೇಕೆಂದೇ ಬಿಟ್ಟರು ಕೂಡ. ಇಳಿಯುವಾಗ ನಾನು ಮೆಲ್ಲಗೆ, ತಿಮ್ಮಣ್ಣ, ಅಂದೆ. ಒಂದು ಮೊಳದ ದೂರ. ಅವರು ತಿರುಗಲಿಲ್ಲ.

ಆ ಸಂಜೆ ಬಸ್ಸಿನಲ್ಲಿ ಅದನ್ನೇ ಯೋಚಿಸಿದೆ. ಹೇಳಿದರೆ ಪ್ರೆಸ್ ಶಾಪಿನಿಂದ ಅವರನ್ನು ಎಬ್ಬಿಸುತ್ತಾರೆ, ಭಾನುವಾರದ ಬಿಳಿ ಕೋಟೂ ಹೋಗುತ್ತದೆ. ಹೇಳದಿದ್ದರೆ ಯಾರಿಗೂ ನಷ್ಟವಿಲ್ಲ, ತೀರ್ಪುಗಳೆಲ್ಲ ಸರಿಯಾಗಿಯೇ ಬರುತ್ತಿವೆಯಲ್ಲ. ನಾನು ಸುಮ್ಮನಿದ್ದೆ. ನಿಜ ಹೇಳಬೇಕೆಂದರೆ ಆ ಗುಟ್ಟು ನನಗೆ ಹಿತವಾಗಿಯೇ ಇತ್ತು. ಮೈದಾನದಲ್ಲಿ ಅವರು ಸನ್ನೆ ಮಾಡುವುದು, ನಾನು ಕೈ ಎತ್ತುವುದು, ನಮ್ಮಿಬ್ಬರ ನಡುವೆ ಮಾತಿಗೆ ಕೆಲಸವೇ ಇರಲಿಲ್ಲ. ಇಡೀ ಪೀಣ್ಯದಲ್ಲಿ ಅವರ ಕಿವಿಯ ಕಥೆ ಗೊತ್ತಿರುವವಳು ನಾನೊಬ್ಬಳೇ ಎಂಬ ಸಣ್ಣ ಜಂಬವೂ ಇತ್ತು.

ಆಮೇಲೆ ಮಂಜುನಾಥ ಬಂದ. ಪೇಂಟ್ ಶಾಪಿನಲ್ಲಿ ಕಂಟ್ರಾಕ್ಟ್ ಕೆಲಸಗಾರ, ಇಪ್ಪತ್ನಾಲ್ಕು ವರ್ಷ. ಉಗುರಿನ ಸಂದಿಯಲ್ಲಿ ಯಾವಾಗಲೂ ಬೂದು ಬಣ್ಣ. ಅವನು ಬ್ಯಾಟು ಬೀಸಿದರೆ ನಾನು ಬರೆಯುವುದನ್ನು ಮರೆತು ನೋಡುತ್ತಿದ್ದೆ, ಅಂಥ ಆಟ. ಆ ವರ್ಷ ನಾವು ಫೈನಲ್ಲಿಗೆ ಬಂದೆವು. ಎದುರಾಳಿ ಬೇರಿಂಗ್ ಮಾಡುವ ಇನ್ನೊಂದು ಕಾರ್ಖಾನೆ. ನಮ್ಮ ಪರ್ಸನಲ್ ಮ್ಯಾನೇಜರು ಕ್ಯಾಂಟೀನಿನಲ್ಲಿ ಎಲ್ಲರೆದುರು, ಕಪ್ಪು ತಂದರೆ ಚೆನ್ನಾಗಿ ಆಡಿದ ಇಬ್ಬರು ಕಂಟ್ರಾಕ್ಟ್ ಹುಡುಗರನ್ನು ಪರ್ಮನೆಂಟ್ ಮಾಡುತ್ತೇನೆ ಅಂದುಬಿಟ್ಟರು. ಮಂಜನಿಗೆ ಅವನ ಅಕ್ಕನ ಮನೆಯಲ್ಲಿ ಮದುವೆ ಮಾತು ನಡೆದಿತ್ತು. ಹುಡುಗಿ ಕಡೆಯವರ ಒಂದೇ ಪ್ರಶ್ನೆ, ಕೆಲಸ ಪರ್ಮನೆಂಟಾ ಅಂತ.

ಪಂದ್ಯದ ದಿನ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಗೆಲ್ಲಲು ಇಪ್ಪತ್ತೆಂಟು ರನ್ನು ಬೇಕಿತ್ತು, ಐದು ವಿಕೆಟ್ ಕೈಯಲ್ಲಿತ್ತು. ಮಂಜ ಅರವತ್ತೊಂದು ರನ್ನು ಹೊಡೆದು ಆಡುತ್ತಿದ್ದ. ಆಫ್ ಸ್ಟಂಪಿನ ಆಚೆ ಬಿದ್ದ ಚೆಂಡಿಗೆ ಅವನು ಬ್ಯಾಟು ಒಡ್ಡಿದ. ಕೀಪರ್ ಹಿಡಿದ. ಬೇರಿಂಗಿನವರೆಲ್ಲ ಒಟ್ಟಿಗೆ ಕೂಗಿದರು. ಮಂಜ ಹಿಂದಕ್ಕೆ ತಿರುಗಿ ನೋಡಿದ, ಆಮೇಲೆ ತಿಮ್ಮಣ್ಣನನ್ನು ನೋಡಿದ. ಎಡಗೈ ಬೆರಳು ಮೇಲೆದ್ದಿತು.

ಮಂಜ ಹೋಗಲಿಲ್ಲ. ಬ್ಯಾಟನ್ನು ಪ್ಯಾಡಿಗೆ ತಟ್ಟಿ ತಟ್ಟಿ ತೋರಿಸಿದ. ಸದ್ದು ಬಂದದ್ದು ಪ್ಯಾಡಿನದು ಅಂದ. ನಾನು ಗೆರೆಯಾಚೆ ಇದ್ದೆ, ನನಗೇನೂ ಕೇಳಿಸಿರಲಿಲ್ಲ. ಆದರೆ ತಿಮ್ಮಣ್ಣನಿಗೂ ಕೇಳಿಸಿರಲಿಲ್ಲ ಅಂತ ನನಗೆ ಗೊತ್ತಿತ್ತು. ಪೆನ್ನು ಹಿಡಿದುಕೊಂಡು ಸುಮಾರು ಹೊತ್ತು ಹಾಗೇ ಕೂತಿದ್ದೆ. ತಿಮ್ಮಣ್ಣ ನನ್ನ ಕಡೆ ತಿರುಗಿ ನಿಂತಿದ್ದರು. ನಾನು ಕೈ ಎತ್ತಿದೆ. ಮಂಜ ತಲೆ ಬಗ್ಗಿಸಿಕೊಂಡು ಹೊರಗೆ ಬಂದ.

ಒಂಬತ್ತು ರನ್ನಿನಿಂದ ಸೋತೆವು. ನಾಗರಾಜ ಎಲ್ಲರೆದುರು, ಬೇರಿಂಗಿನವರು ಎಷ್ಟು ಕೊಟ್ಟರು ಅಂತ ತಿಮ್ಮಣ್ಣನನ್ನು ಕೇಳಿದ. ಅವರಿಗೆ ಅದು ಕೇಳಿಸಲಿಲ್ಲ. ಸುತ್ತ ನಿಂತವರ ಮುಖ ನೋಡಿ ಏನೋ ಕೆಟ್ಟ ಮಾತು ಅಂತ ಮಾತ್ರ ಗೊತ್ತಾಯಿತು. ಏನಂತೆ, ಏನಂತೆ ಎಂದು ಪಕ್ಕದವನನ್ನು ಕೇಳಿದರು. ಯಾರೂ ಹೇಳಲಿಲ್ಲ.

ಮಾರನೇ ದಿನದಿಂದ ತಿಮ್ಮಣ್ಣ ವಿಚಾರಣೆ ಶುರುಮಾಡಿದರು, ತಮ್ಮ ಮೇಲೆ ತಾವೇ. ಪಂದ್ಯ ಆಡಿದ ಒಬ್ಬೊಬ್ಬರ ಹತ್ತಿರವೂ ಹೋಗಿ, ಸದ್ದು ಬಂತಾ, ನಿಜ ಹೇಳಿ, ಅಂದರು. ನಮ್ಮವರೆಲ್ಲ ಬರಲಿಲ್ಲ ಅಂದರು. ಕೊನೆಗೆ ಮಂಜನ ರೂಮಿಗೂ ಹೋದರು. ಅವನೂ, ಬ್ಯಾಟಿಗೆ ತಾಗಿರಲಿಲ್ಲ ತಿಮ್ಮಣ್ಣ, ಅಂದ. ಬುಧವಾರ ಊಟದ ಹೊತ್ತಿಗೆ ಅವರು ಟೈಮ್ ಆಫೀಸಿನ ಕಿಟಕಿಗೆ ಬಂದು, ಮ್ಯಾನೇಜರ್ ಸಾಹೇಬರನ್ನು ನೋಡಬೇಕು ಮೇಡಂ, ಅಂದರು. ಯಾಕೆ ಅಂತ ನಾನು ಕೇಳಲಿಲ್ಲ. ಅವರ ಮುಖದಲ್ಲೇ ಬರೆದಿತ್ತು.

ಅರ್ಧ ಗಂಟೆಯಲ್ಲಿ ನನಗೆ ಕರೆ ಬಂತು, ತಿಮ್ಮರಾಯಪ್ಪನ ಮೆಡಿಕಲ್ ಫೈಲು ತಗೊಂಡು ಬನ್ನಿ ಅಂತ. ಒಳಗೆ ಅವರು ಕೈಕಟ್ಟಿ ನಿಂತಿದ್ದರು. ಆಗಲೇ ಹೇಳಿ ಮುಗಿಸಿದ್ದನ್ನು ನನ್ನೆದುರು ಇನ್ನೊಮ್ಮೆ ಹೇಳಿದರು, ಪ್ರೆಸ್ ಶಾಪಿನವರ ಆ ಜೋರು ದನಿಯಲ್ಲಿ.

“ನಂಗೆ ಕಿವಿ ಕೇಳಲ್ಲ ಸಾರ್. ಮೂರು ವರ್ಷಾಯ್ತು. ಆ ಹುಡುಗ ಔಟಾಗಿರ್ಲಿಲ್ಲ. ತಪ್ಪು ನಂದು, ಅವನದಲ್ಲ. ಅವನಿಗೆ ಕೆಲ್ಸ ಕೊಟ್ಬುಡಿ.”

ಮ್ಯಾನೇಜರು ಫೈಲು ತಿರುವಿದರು. ಮೂರು ವರ್ಷವೂ ಕಿವಿ ಸರಿಯಾಗಿದೆ ಎಂದೇ ಇತ್ತು. ಪ್ರತಿ ಹಾಳೆಯ ಕೆಳಗೂ ಹಾಜರಿದ್ದವರು ಅಂತ ನನ್ನ ಸಹಿ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, “ಈ ವಿಷಯ ನಿಮಗೆ ಗೊತ್ತಿತ್ತಾ?” ಅಂದರು.

“ಇಲ್ಲ ಸಾರ್” ಅಂದೆ.

ಅಷ್ಟು ಸಲೀಸಾಗಿ ಅದು ನನ್ನ ಬಾಯಿಂದ ಬಂದದ್ದು ನನಗೇ ಆಶ್ಚರ್ಯ. ಪಕ್ಕಕ್ಕೆ ನೋಡಿದರೆ ತಿಮ್ಮಣ್ಣ ನನ್ನ ತುಟಿಯನ್ನೇ ನೋಡುತ್ತಿದ್ದರು. ಮೆಲ್ಲಗೆ ಕಣ್ಣು ತೆಗೆದು ಮೇಜಿನ ಮೇಲಿನ ಫೈಲಿನ ಕಡೆ ನೋಡಿದರು.

ಮುಂದಿನದ್ದು ಬೇಗ ಬೇಗ ಆಯಿತು. ಆಸ್ಪತ್ರೆಯಲ್ಲಿ ಸರಿಯಾದ ಪರೀಕ್ಷೆ ಮಾಡಿಸಿದರು, ಕನ್ನಡಿ ಗಾಜು ಯಾವುದೂ ಇಲ್ಲದ ಕೋಣೆಯಲ್ಲಿ. ಪ್ರೆಸ್ ಶಾಪಿಗೆ ಅನರ್ಹ ಅಂತ ಚೀಟಿ ಬಂತು. ಕೆಲವು ತಿಂಗಳು ಹಿಂದಿನ ಗೇಟಿನಲ್ಲಿ ಗುಜರಿ ಲಾರಿ ಕಾಯುವ ಕೆಲಸ ಕೊಟ್ಟರು. ಒಂದು ಲಾರಿ ಹಿಂದಕ್ಕೆ ಬರುವಾಗ ಹಾರ್ನ್ ಕೇಳಿಸದೆ ಅವರು ಅದರ ಹಾದಿಯಲ್ಲೇ ನಿಂತಿದ್ದರಂತೆ. ಡ್ರೈವರ್ ಕನ್ನಡಿಯಲ್ಲಿ ನೋಡಿದ್ದರಿಂದ ಉಳಿದರು. ಅದಾದ ಮೇಲೆ ಸ್ವಂತ ಇಚ್ಛೆಯ ನಿವೃತ್ತಿ ಎಂಬ ಕಾಗದ ಬಂತು. ಅದನ್ನು ಟೈಪು ಮಾಡಿದವಳು ನಾನೇ. ಸಹಿ ಮಾಡುವಾಗ ಅವರು, ಎಲ್ಲಿ ಮೇಡಂ, ಇಲ್ಲೇನಾ, ಅಂತ ಕೇಳಿದ್ದೊಂದೇ ಮಾತು. ಮಂಜನ ಕೆಲಸವೂ ಆಗಲಿಲ್ಲ. ಕಪ್ಪು ಬಂದರೆ ಅಂದಿದ್ದೆ, ಕಪ್ಪು ಬಂತಾ ಅಂದರು ಮ್ಯಾನೇಜರು. ಎರಡು ತಿಂಗಳಿಗೆ ಅವನ ಕಂಟ್ರಾಕ್ಟು ಮುಗಿಯಿತು. ಹುಡುಗಿಯ ಕಡೆಯವರು ಬೇರೆ ಕಡೆ ನೋಡಿಕೊಂಡರಂತೆ.

ನಾನು ಆ ವರ್ಷವೇ ಸ್ಕೋರು ಬರೆಯುವುದನ್ನು ಬಿಟ್ಟೆ. ಮೊಣಕಾಲು ನೋವು ಅಂತ ಹೇಳಿದೆ. ಮೊಣಕಾಲಿಗೂ ಸ್ಕೋರಿಗೂ ಏನು ಸಂಬಂಧ ಅಂತ ಯಾರೂ ಕೇಳಲಿಲ್ಲ. ಮತ್ತೆರಡು ವರ್ಷಕ್ಕೆ ಕಾರ್ಖಾನೆಯನ್ನೇ ತುಮಕೂರಿನ ಆಚೆ ಸಾಗಿಸಿದರು. ಹೋಗಲಾರದವರೆಲ್ಲ ಲೆಕ್ಕ ಚುಕ್ತಾ ಮಾಡಿಸಿಕೊಂಡೆವು. ಈಗ ಆ ಜಾಗದಲ್ಲಿ ಯಾರದೋ ಗೋದಾಮು. ನಾವು ಊರಿನ ಈ ತುದಿಗೆ, ದೊಡ್ಡನೆಕ್ಕುಂದಿಗೆ ಬಂದುಬಿಟ್ಟೆವು.

ಹೋದ ತಿಂಗಳ ಮಾತು. ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಸುತ್ತ ಬಲೆ ಕಟ್ಟಿದ, ಹಸಿರು ಹಾಸಿನ ಒಂದು ಆಟದ ಅಂಕಣವಿದೆ. ಶನಿವಾರ ಬೆಳಿಗ್ಗೆ ಟೆಕ್ ಪಾರ್ಕಿನವರ ಮಕ್ಕಳಿಗೆ ಅಲ್ಲಿ ಕ್ರಿಕೆಟ್ ಕಲಿಸುತ್ತಾರೆ. ಹಾಲು ತರಲು ಹೋದವಳು ಬಲೆಯ ಪಕ್ಕ ನಿಂತು ನೋಡುತ್ತಿದ್ದೆ. ಒಳಗಿನಿಂದ ಕೋಚು ಓಡಿ ಬಂದು, “ಮೇಡಂ, ನೀವು ಸ್ಕೋರ್ ಮೇಡಂ ಅಲ್ವಾ?” ಅಂದ. ಹೊಟ್ಟೆ ಬಂದಿತ್ತು, ತಲೆ ಮುಂದೆ ಬೋಳಾಗಿತ್ತು. ಉಗುರು ನೋಡಿದೆ, ಬಣ್ಣವಿರಲಿಲ್ಲ. ಮಂಜ.

ಮಕ್ಕಳು ಹೋದ ಮೇಲೆ ರಸ್ತೆಯಾಚೆಯ ದರ್ಶಿನಿಯಲ್ಲಿ ಕಾಫಿ ಕುಡಿದೆವು. ಮೊದಲು ಕ್ಯಾಬ್ ಓಡಿಸುತ್ತಿದ್ದನಂತೆ, ನಂತರ ಇದು ಸಿಕ್ಕಿತಂತೆ. ತಡವಾಗಿ ಮದುವೆಯಾಗಿ ಒಂದು ಹೆಣ್ಣು ಮಗು. ಮಾತು ಎತ್ತ ಹೋದರೂ ತಿಮ್ಮಣ್ಣನ ಹತ್ತಿರ ಬಂದು ನಿಲ್ಲುತ್ತಿತ್ತು. ಅವರು ಹೇಗಿದ್ದಾರೆ ಅಂದ. ಗೊತ್ತಿಲ್ಲ ಅಂದೆ. ಅವನು ಲೋಟವನ್ನು ಡಬರಿಯಲ್ಲಿ ಎರಡು ಸಲ ತಿರುಗಿಸಿದ.

“ತಾಗಿತ್ತು ಮೇಡಂ” ಅಂದ.

ನನಗೆ ತಕ್ಷಣ ಅರ್ಥವಾಗಲಿಲ್ಲ.

“ಆವತ್ತು. ಬ್ಯಾಟಿಗೆ ತಾಗಿತ್ತು. ಚೆನ್ನಾಗೇ ತಾಗಿತ್ತು, ಕೈಗೆ ಗೊತ್ತಾಯ್ತು ನಂಗೆ.”

ಆಮೇಲೆ ಅವನೇ ಹೇಳಿಕೊಂಡ. ಮೈದಾನದಲ್ಲಿ ಪ್ಯಾಡು ತಟ್ಟಿ ತೋರಿಸಿದ್ದು ಎಲ್ಲ ಬ್ಯಾಟ್ಸ್‌ಮನ್‌ಗಳೂ ಮಾಡುವ ನಾಟಕ, ಅದರ ಬಗ್ಗೆ ಅವನಿಗೆ ಬೇಸರವಿಲ್ಲ. ಆದರೆ ತಿಮ್ಮಣ್ಣ ರೂಮಿಗೆ ಬಂದು ಕೇಳಿದಾಗ ಹೇಳಬಹುದಿತ್ತು. ತಾನು ತಾಗಲಿಲ್ಲ ಅಂದರೆ ತಿಮ್ಮಣ್ಣ ನೇರ ಮ್ಯಾನೇಜರ ಹತ್ತಿರ ಹೋಗುತ್ತಾರೆ, ತನ್ನ ಪರವಾಗಿ ಮಾತಾಡುತ್ತಾರೆ, ಕೆಲಸ ಆದರೂ ಆಗಬಹುದು ಅನ್ನುವ ಲೆಕ್ಕ ಆ ಕ್ಷಣದಲ್ಲೇ ತಲೆಯಲ್ಲಿ ಬಂದಿತ್ತಂತೆ. ಕಿವಿಯ ವಿಷಯ ಹೇಳಿ ಅವರು ತಮ್ಮ ಕೆಲಸವನ್ನೇ ಕಳೆದುಕೊಳ್ಳುತ್ತಾರೆ ಅಂತ ಅವನಿಗೆ ಹೇಗೆ ಗೊತ್ತಿರಬೇಕು. ಗೊತ್ತಾದ ಮೇಲೆ ಎರಡು ಸಲ ಅವರ ಬೀದಿಯವರೆಗೆ ಹೋಗಿ ವಾಪಸು ಬಂದನಂತೆ.

ನನ್ನ ‘ಇಲ್ಲ ಸಾರ್’ ಅವನಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಹೋಗಿ ಅವರಿಗೆ ತಿಳಿಸೋಣ ಬಾ ಅಂದೆ. ಬರಲಾರೆ ಅಂದ. ನೀವು ಹೇಳಿಬಿಡಿ ಮೇಡಂ, ಅಂದು ತಲೆ ಎತ್ತದೆ ಹೊರಟುಹೋದ.

ಮರುದಿನ ನಾನೊಬ್ಬಳೇ ಹೊರಟೆ. ಮೆಟ್ರೊ ಹತ್ತಿ ಮೆಜೆಸ್ಟಿಕ್ಕಿನಲ್ಲಿ ಬದಲಿಸಿ ದಾಸರಹಳ್ಳಿಯಲ್ಲಿ ಇಳಿದು ಆಟೊ ಹಿಡಿದೆ. ತಿಮ್ಮಣ್ಣನಿಗೆ ಊಟಬಟ್ಟೆಗೆ ಕೊರತೆಯೇನೂ ಇರಲಿಲ್ಲ. ಹಳೇ ಮನೆಯ ಜಾಗದಲ್ಲಿ ಮೂರಂತಸ್ತು ಎಬ್ಬಿಸಿ ಕೆಲಸಗಾರರಿಗೆ ಬಾಡಿಗೆ ಕೊಟ್ಟಿದ್ದರು, ತಾವು ಮೇಲಿನ ಅಂತಸ್ತಿನಲ್ಲಿದ್ದರು. ಅವರ ಹೆಂಡತಿ ಗೌರಮ್ಮ ಬಾಗಿಲು ತೆರೆದು, ಟೈಮಾಫೀಸಿನೋರಾ, ಬನ್ನಿ ಬನ್ನಿ, ಅಂದರು. ಈಗ ಒಂಚೂರೂ ಕೇಳಾಕಿಲ್ಲ, ಬರೆದು ತೋರಿಸಬೇಕು ಅಂತ ಒಂದು ಪುಸ್ತಕ, ಪೆನ್ನು ಕೊಟ್ಟರು. ಹಿಂದಿನ ಹಾಳೆಗಳಲ್ಲಿ ‘ನೀರು ಬಂದಿದೆ’, ‘ಎರಡನೇ ಮನೆಯವರು ಖಾಲಿ ಮಾಡ್ತಾರಂತೆ’, ‘ಮಾತ್ರೆ ನುಂಗಿದ್ಯಾ’ ಎಂಬಂಥ ಸಾಲುಗಳಿದ್ದವು. ಹೊರಗೆ ಯಾರ ಜೊತೆಯೂ ಸೇರುವುದಿಲ್ಲ ಅಂತ ಹೇಳಿದರು ಗೌರಮ್ಮ. ಕೆಲಸ ಬಿಟ್ಟ ಹೊಸತರಲ್ಲಿ ಹಳೆಯ ಜೊತೆಗಾರರು ಕೂರುವ ಟೀ ಅಂಗಡಿಗೆ ಹೋಗುತ್ತಿದ್ದರಂತೆ. ಅಲ್ಲಿ ಯಾರೋ ಬೇರಿಂಗಿನವರ ಮಾತು ಎತ್ತಿ ನಕ್ಕರಂತೆ. ಮಾತು ಕೇಳಿಸದಿದ್ದರೂ ನಗು ಕಂಡಿತಲ್ಲ. ಅವತ್ತೇ ಕೊನೆ.

ತಿಮ್ಮಣ್ಣ ಕಿಟಕಿ ಪಕ್ಕದ ಮಂಚದ ಮೇಲೆ ಕೂತಿದ್ದರು. ಸೊರಗಿದ್ದರು. ನನ್ನನ್ನು ನೋಡಿ ಎದ್ದು ನಿಂತರು, ಆಫೀಸಿನಲ್ಲಿ ನಿಲ್ಲುತ್ತಿದ್ದ ಹಾಗೆಯೇ. ಕೂತುಕೊಳ್ಳಿ ಅಂತ ಸನ್ನೆ ಮಾಡಿ ಪುಸ್ತಕ ತೆಗೆದು ಬರೆದೆ. ಮಂಜ ಸಿಕ್ಕಿದ್ದ. ಫೈನಲ್ ದಿನ ಚೆಂಡು ಬ್ಯಾಟಿಗೆ ತಾಗಿತ್ತಂತೆ. ಅವನೇ ಒಪ್ಪಿಕೊಂಡ. ನಿಮ್ಮ ತೀರ್ಪು ಸರಿಯಾಗಿತ್ತು. ಮುಂದಿನ ಹಾಳೆಯಲ್ಲಿ, ನಿಮ್ಮ ಕಿವಿಯ ವಿಷಯ ನನಗೆ ಮೊದಲೇ ಗೊತ್ತಿತ್ತು, ಮ್ಯಾನೇಜರ ಮುಂದೆ ಸುಳ್ಳು ಹೇಳಿದೆ, ಅಂತ ಬರೆದೆ.

ಅವರು ಪುಸ್ತಕವನ್ನು ಬೆಳಕಿಗೆ ಹಿಡಿದು ಓದಿದರು. ಎರಡನೇ ಹಾಳೆಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

“ಅದು ಗೊತ್ತು, ಬುಡಿ” ಅಂದರು. ದನಿ ಈಗ ಜೋರಿರಲಿಲ್ಲ, ತೀರಾ ಮೆತ್ತಗಾಗಿತ್ತು. “ಇಲ್ಲ ಅಂದಿದ್ದು ಒಳ್ಳೇದೇ ಆಯ್ತು. ಇಬ್ರೂ ಯಾಕೆ ಓಗ್ಬೇಕು.”

ಬಯ್ದಿದ್ದರೆ ಎದ್ದು ಬರುವುದು ಸುಲಭವಾಗುತ್ತಿತ್ತು. ಅವರು ಮೊದಲನೇ ಹಾಳೆಗೆ ವಾಪಸು ಹೋದರು. ಆ ನಾಲ್ಕು ಸಾಲನ್ನು ಎಷ್ಟು ಸಲ ಓದಿದರೋ. ಗೌರಮ್ಮ ತಂದಿಟ್ಟ ಕಾಫಿ ಆರಿ ಕೆನೆ ಕಟ್ಟಿತು.

“ಔಟೇ ಆಗಿದ್ದ” ಅಂದರು ಕೊನೆಗೆ. ಪುಸ್ತಕದ ಮೇಲೆ ಕೈಯಿಟ್ಟು, “ಆದ್ರೂ ನಂಗೆ ಕೇಳಿಸಿರ್ಲಿಲ್ಲ ಮೇಡಂ. ಕೇಳಿಸ್ದೋನಂಗೆ ಬೆರಳೆತ್ತಿದ್ದೆ. ಅದು ತಪ್ಪೇಯ” ಅಂದರು.

ನಾನು ತಲೆಯಾಡಿಸಿದೆ, ಹೌದೆಂದೋ ಅಲ್ಲವೆಂದೋ ನನಗೇ ಗೊತ್ತಾಗದ ಹಾಗೆ. ಅವರು ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡರು. ನಾನು ಹೊರಡಲು ಎದ್ದಾಗ ಬಾಗಿಲವರೆಗೂ ಬಂದರು. ಏನೋ ಕೇಳಬೇಕು, ಹೇಗೆ ಕೇಳಲಿ ಅನ್ನುವ ಹಾಗೆ ಬಾಗಿಲ ಚೌಕಟ್ಟನ್ನು ಸವರುತ್ತ ನಿಂತರು. ಒಂಬತ್ತು ವರ್ಷದ ಮೇಲೆ ಆ ಮುಖದಲ್ಲಿ ಒಂದು ಆಸೆ ಕಂಡಿತು. ಅದನ್ನು ನೋಡಲು ನನಗೆ ಕಷ್ಟವಾಯಿತು.

“ಟೀಮಿನೋರಿಗೆ ಒಂದು ಮಾತು ಯೋಳ್ತೀರಾ?”

ಹೇಳುತ್ತೇನೆ ಅಂತ ತುಟಿ ಬಿಡಿಸಿ, ನಿಧಾನವಾಗಿ, ಕಾಣುವ ಹಾಗೆ ಅಂದೆ.

ಮೆಟ್ರೊದಲ್ಲಿ ಕೂತು ಹನ್ನೊಂದು ಜನರನ್ನೂ ನೆನೆಸಿಕೊಂಡೆ. ಬಸಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಇಬ್ಬರು ತುಮಕೂರಿಗೆ ಹೋದರು ಅಂತ ಗೊತ್ತು, ನಂಬರಿಲ್ಲ. ಕೀಪರು ದುಬೈಗೋ ಮಸ್ಕತ್ತಿಗೋ ಹೋದ. ಮಿಕ್ಕವರ ಮುಖ ನೆನಪಿದೆ, ವಿಳಾಸವಿಲ್ಲ. ಫೋನಿನಲ್ಲಿ ಹುಡುಕಿದರೆ ಸಿಕ್ಕಿದ್ದು ನಾಗರಾಜನ ನಂಬರೊಂದೇ. ಅವನಿಗೆ ಗೊತ್ತಾದರೆ ಸಾಕು, ಊರಿಗೆಲ್ಲ ಡಂಗುರ ಹೊಡೆಯುತ್ತಾನೆ, ಆವತ್ತು ಹೊಡೆದವನೂ ಅವನೇ ತಾನೆ ಅಂದುಕೊಂಡು ಡಯಲ್ ಮಾಡಿದೆ.

ಅವನಿಗೆ ನನ್ನ ದನಿ ಕೇಳಿ ಸಂತೋಷವಾಯಿತು. ಈಗ ಬೊಮ್ಮಸಂದ್ರದಲ್ಲಿ ಸೂಪರ್‌ವೈಸರ್ ಆಗಿದ್ದೇನೆ ಅಂದ, ಮಗಳ ಮದುವೆ ಅಂದ, ನೀವು ಬರಲೇಬೇಕು ಅಂದ. ಹಿಂದೆ ಯಂತ್ರಗಳ ಸದ್ದಿತ್ತು. ನಾನು ತಿಮ್ಮಣ್ಣನ ವಿಷಯಕ್ಕೆ ಬಂದೆ. ಆವತ್ತು ಮಂಜ ನಿಜವಾಗಿ ಔಟಾಗಿದ್ದನಂತೆ, ತಿಮ್ಮಣ್ಣನದು ತಪ್ಪಿರಲಿಲ್ಲ, ನಮ್ಮ ಹುಡುಗರಿಗೆಲ್ಲ ನೀನೇ ತಿಳಿಸಬೇಕು ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ನೊಂದುಕೊಳ್ಳುತ್ತಿದ್ದಾನೆ ಅಂದುಕೊಂಡೆ.

“ಯಾವ ಮ್ಯಾಚು ಮೇಡಂ?” ಅಂದ.

ಟಾಸಿನಿಂದ ಶುರುಮಾಡಿ ಹೇಳಿದೆ. ಬಿಸಿಲು, ಇಪ್ಪತ್ತೆಂಟು ರನ್ನು, ಐದು ವಿಕೆಟ್, ಮಂಜನ ಅರವತ್ತೊಂದು, ಒಂದನ್ನೂ ಬಿಡದೆ ಹೇಳಿದೆ. ಪಕ್ಕದಲ್ಲಿ ಕೂತವರು ತಿರುಗಿ ನೋಡುವಷ್ಟು ಜೋರಾಗಿಯೇ ಹೇಳಿದ್ದೆನೋ ಏನೋ. ನಾಗರಾಜ ನಡುವೆ ಬಾಯಿ ಹಾಕದೆ ಕೊನೆಯವರೆಗೂ ಕೇಳಿಸಿಕೊಂಡ.

“ಇರ್ಬೋದು ಮೇಡಂ” ಅಂದ.